ಒಡೆಯದ ಮುಯ್ಯಿ

2024ರ ಅಕ್ಟೋಬರಿನಲ್ಲಿ ಅಮೆರಿಕದ ಲ್ಯೂಕ್ ಡ್ಯುರಾಂಟ್ ಎಂಬಾತ ಪತ್ತೆಮಾಡಿದ ಅವಿಭಾಜ್ಯ ಸಂಖ್ಯೆಯಲ್ಲಿ 4,10,24,320 ಅಂಕಿಗಳಿವೆ. 13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದು ಕಳೆದರೆ ಆಯಿತು, ಅದೇ. ಸೆಕೆಂಡಿಗೆ ಒಂದಂಕಿಯಂತೆ ಬರೆಯುತ್ತ ಕೂತರೆ, ಊಟ ನಿದ್ದೆ ಬಿಟ್ಟರೂ ಹದಿನೈದು ತಿಂಗಳು ದಾಟುತ್ತದೆ. ಅಷ್ಟುದ್ದ ಇದ್ದೂ ಒಂದಕ್ಕೆ ಮತ್ತು ತನಗೆ ಬಿಟ್ಟು ಬೇರೆ ಯಾರಿಗೂ ಭಾಗ ಕೊಡದು. ಪಾಲಿನ ಕೇಸಿಗೆಂದು ದೊಡ್ಡಬಳ್ಳಾಪುರದ ಕೋರ್ಟಿಗೆ ಅಲೆಯುವ ನಮ್ಮ ಸಾಸಲಿನ ಕಡೆಯವರಿಗೆ ಇದೇನೂ ಅರ್ಥವಾಗದ ಗುಣವಲ್ಲ.

ದೊಡ್ಡಬಳ್ಳಾಪುರ ಅಂದಾಗ ನೆನಪಾಯಿತು. ಅಲ್ಲಿನ ಪಿನ್‌ಕೋಡ್ 561203 ನೋಡಲು ಗಟ್ಟಿ ಆಸಾಮಿ. 3, 7, 11, 13, 17 ಯಾವುದಕ್ಕೂ ಬಗ್ಗುವುದಿಲ್ಲ. 19 ಎದುರಿಗೆ ಬಂದಾಗ ಮಾತ್ರ ಸದ್ದಿಲ್ಲದೆ ಒಡೆದು 29,537ನ್ನು ಕೈಗಿಡುತ್ತದೆ.

ಮದುವೆಮನೆಯ ಮುಯ್ಯಿ ಪುಸ್ತಕವನ್ನೂ ನಾನು ಇದೇ ಕಣ್ಣಲ್ಲಿ ನೋಡುವುದು. ಸೊನ್ನೆಗೆ ನಿಲ್ಲಬಾರದೆಂದು ಎಲ್ಲರೂ ಒಂದು ರೂಪಾಯಿ ಸೇರಿಸಿಯೇ ಕೊಡುತ್ತಾರೆ. ಸೇರಿಸಿದ ಮಾತ್ರಕ್ಕೆ ಮುಯ್ಯಿ ಗಟ್ಟಿಯಾಗುತ್ತದೆಯೇ? 11 ಸರಿ, 101 ಸರಿ, ಎರಡೂ ಅವಿಭಾಜ್ಯ. 501ನ್ನು ಮೂವರು ಸಮನಾಗಿ ಹಂಚಿಕೊಳ್ಳಬಹುದು. 1001 ಅಂತೂ 7, 11, 13 ಮೂರಕ್ಕೂ ಮಣಿಯುವ ಮೆದು ಮನುಷ್ಯ. ಇದನ್ನು ವಿವರಿಸಲು ಹೋದರೆ ಪುಸ್ತಕ ಹಿಡಿದವರು, "ಅಣ್ಣಾ, ಹೆಸರು ಹೇಳಣ್ಣ, ಹಿಂದೆ ಜನ ನಿಂತವ್ರೆ" ಅನ್ನುತ್ತಾರೆ.

ಸೋದರಮಾವನಂಥವರು ಮಾತ್ರ ಹಾಕುವ 10,001? ಅದು 73 × 137. ಈ 73 ನಮ್ಮಲ್ಲಿ ಹಳೆಯ ಪರಿಚಯದ್ದು. ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯ 9ನೇ ಶತಮಾನದ ತನ್ನ 'ಗಣಿತಸಾರಸಂಗ್ರಹ'ದಲ್ಲಿ 1,52,207ನ್ನು 73ರಿಂದ ಗುಣಿಸಿ ನೋಡಿ ಎನ್ನುತ್ತಾನೆ. ಬರುವುದು 1,11,11,111. ಇಂಥ ಸಂಖ್ಯೆಗಳನ್ನು ಆತ ಹಾರವೆಂದು ಕರೆದ. 139ನ್ನು 109ರಿಂದ ಗುಣಿಸಿದರೆ 15,151, ಅದೂ ಹಾರವೇ, ಯಾವ ತುದಿಯಿಂದ ಓದಿದರೂ ಒಂದೇ. ರಾಜನ ಆಸ್ಥಾನದಲ್ಲಿ ಲೆಕ್ಕವೂ ಒಡವೆ ತೊಟ್ಟುಕೊಂಡೇ ಬರಬೇಕಿತ್ತೋ ಏನೋ. ಎಂಟು ಒಂದುಗಳ ಆ ಹಾರವನ್ನು ಬಿಚ್ಚಿ ನೋಡಿದೆ: 11 × 101 × 10,001. ಮೂರೂ ನಮ್ಮ ಮುಯ್ಯಿ ಪುಸ್ತಕದವೇ!

ಎಲ್ಲ ಹಾರವೂ ಹೀಗೆ ಬಿಚ್ಚಿಕೊಳ್ಳುವುದಿಲ್ಲ. ಹತ್ತೊಂಬತ್ತು ಒಂದುಗಳನ್ನು ಸಾಲಾಗಿ ಬರೆದರೆ ಅದು ಅವಿಭಾಜ್ಯ. ಇಪ್ಪತ್ತಮೂರು ಬರೆದರೂ ಅಷ್ಟೆ. ಅಲ್ಲಿಂದ ಮುಂದಿನದು ಬೇಕೆಂದರೆ 317 ಒಂದುಗಳನ್ನು ಬರೆಯಬೇಕು. ಅಷ್ಟು ಮುಯ್ಯಿ ಹಾಕುವ ನೆಂಟರು ಯಾರಿಗೂ ಇಲ್ಲ.

ಒಡೆಯದ ಮುಯ್ಯಿಯೇ ಆಗಬೇಕೆಂಬ ಹಟವಿರುವವರು 1001ಕ್ಕೆ ಇನ್ನೆಂಟು ರೂಪಾಯಿ ಸೇರಿಸಿ 1009 ಹಾಕಿ. ನಾಲ್ಕಂಕಿಯ ಅವಿಭಾಜ್ಯಗಳಲ್ಲಿ ಅದೇ ಎಲ್ಲಕ್ಕಿಂತ ಅಗ್ಗದ್ದು.