ಲಾಗ್‌ಔಟ್ ಆಗದ ರಾಯರು

‘ಶನಿವಾರ ರಾತ್ರಿ ಸರ್ವರ್ ಅಪ್‌ಗ್ರೇಡ್, ನಿಮಗೇನೂ ತೊಂದರೆಯಾಗದು’ ಎಂದು ಐಟಿಯವರ ಮೇಲ್ ಬಂತೆಂದರೆ ಅನುಭವಸ್ಥರು ಸೋಮವಾರ ರಜೆ ಹಾಕುತ್ತಾರೆ. ಪಾಪ, ಐಟಿಯವರ ಕಷ್ಟ ಅವರಿಗೆ. ನಮ್ಮ ಮೇಜಿನ ಮೇಲಿನ ಪುಟ್ಟ ಡಬ್ಬಿಯಲ್ಲಿ ಹೆಚ್ಚೇನೂ ಇಲ್ಲ. ವಿಂಡೋಸು, ಎಕ್ಸೆಲ್ಲು, ಟ್ಯಾಲಿ ಎಲ್ಲ ಓಡುವುದು ಎಲ್ಲೋ ಡೇಟಾ ಸೆಂಟರಿನಲ್ಲಿ. ನಮಗೆ ಬರುವುದು ಚಿತ್ರ ಮಾತ್ರ.

ಹೀಗೆ ದೂರದಿಂದ ಚಿತ್ರ ಕಳಿಸುವ ತಂತ್ರಾಂಶಗಳಲ್ಲೊಂದಾದ ಸಿಟ್ರಿಕ್ಸ್‌ನ ಝೆನ್‌ಆ್ಯಪ್ 6.5ರಿಂದ 7ನೇ ಸರಣಿಗೆ ಹೋಗುವಾಗ ಒಳಗಿನ ಕಟ್ಟೋಣವೇ ಬದಲಾಗಿತ್ತು. ಇದ್ದಲ್ಲೇ ಅಪ್‌ಗ್ರೇಡ್ ಮಾಡುವ ಹಾಗಿರಲಿಲ್ಲ. ಪಕ್ಕದಲ್ಲೇ ಹೊಸದನ್ನು ಎಬ್ಬಿಸಿ, ಮೊದಲು ಹತ್ತಿಪ್ಪತ್ತು ಮಂದಿಯನ್ನು ದಾಟಿಸಿ, ಹಳೇ ಸರ್ವರಿಗೆ ಹೊಸ ಲಾಗಿನ್ ಬಿಡದೆ ಅದು ಖಾಲಿಯಾಗಲು ಕಾಯಬೇಕು. 2018ರ ಜೂನ್ 30ಕ್ಕೆ 6.5ರ ಬೆಂಬಲವೇ ಮುಗಿಯಿತು, ಕಾಯಲೂ ಗಡುವು!

ಖಾಲಿಯಾದರೆ ತಾನೇ? ಅಕೌಂಟ್ಸ್‌ನ ರಾಯರು ಮಾನಿಟರ್ ಆರಿಸಿ ಮನೆಗೆ ಹೋಗುವ ಪೈಕಿ. ಅವರ ಸೆಷನ್ನು ಯುಗಾದಿಯಿಂದ ದೀಪಾವಳಿವರೆಗೆ ಜೀವಂತ. ಅಂತೂ ಎಲ್ಲ ಸಾಂಗವಾಗಿ ಮುಗಿದು, ಡೆಸ್ಕ್‌ಟಾಪ್ ಮೊದಲಿಗಿಂತ ಚುರುಕಾಗಿ ತೆರೆದುಕೊಂಡ ದಿನವೂ ಐಟಿಯವರಿಗೆ ರಾಯರ ಫೋನು ಬಂತು.

‘ಏನಯ್ಯಾ, ವಾಲ್‌ಪೇಪರ್‌ನಲ್ಲಿದ್ದ ನನ್ನ ಮೊಮ್ಮಗಳೆಲ್ಲಿ? ಪ್ರಿಂಟ್ ಕೊಟ್ರೆ ಮೂರನೇ ಮಹಡೀಲಿ ಬರ್ತಿದೆ!’

‘ಒಂದ್ಸಲ ಲಾಗ್‌ಔಟ್ ಮಾಡಿ ನೋಡಿ ಸಾರ್.’

‘ಅದೆಲ್ಲಿರುತ್ತೆ?’