ಎಣ್ಣಿ ಹೊಡದು ಬಂದ ಮಗನಿಗೆ ಪುಂಡಿ ಚಾ

ಅಕ್ಕಾ, ಮೊರದಾಗ ಒಣಗಾಕ ಇಟ್ಟಿದ್ದು ಪುಂಡಿಕಾಯಿ ಕೆಂಪು ಸಿಪ್ಪಿ ಅಲ್ಲೇನು? ಮಗ ಹತ್ತಿಗೆ ಎಣ್ಣಿ ಹೊಡದು ಬಂದ ಮ್ಯಾಲ ಇದರ ಚಾ ಕುಡಿಸಿದ್ರ ಮೈಯಾಗಿನ ವಿಷ ಇಳೀತೈತಿ ಅಂತ ಯಾರೋ ಮೊಬೈಲ್‌ನಾಗ ಹೇಳಿದ್ರಂತಲ್ಲ. ಚಾ ಕುಡಿಸು, ಬ್ಯಾಡ ಅನ್ನಂಗಿಲ್ಲ. ಆದ್ರ ಅದನ್ನ ನಂಬಿ ಅವನ್ನ ಬರಿಗೈಲೆ ಹೊಲಕ್ಕ ಕಳಸಬ್ಯಾಡ.

ಮಾತು ಪೂರ್ತಿ ಸುಳ್ಳಲ್ಲ. 2000ದಾಗ ತೈವಾನಿನ ಸಂಶೋಧಕರು ಇದೇ ಗಿಡದ ಕೆಂಪು ಬಣ್ಣ ತಗದು ಇಲಿಗಳಿಗೆ ತಿನ್ನಿಸಿ, ಆಮ್ಯಾಲ ಲಿವರ್ ಕೆಡಿಸೋ ರಾಸಾಯನಿಕ ಕೊಟ್ಟು ನೋಡಿದ್ರು. ಅಂಥಾದ್ದು ಒಳಗ ಹೋತಂದ್ರ ಜೀವಕೋಶದ ಹೊರಪದರದಾಗಿನ ಕೊಬ್ಬು ಸಾಲಾಗಿ ಕೆಡ್ತೈತಿ, ಒಳಗಿನ ಕಿಣ್ವ ರಕ್ತಕ್ಕ ಸೋರ್ತಾವ. ಲಿವರ್ ಟೆಸ್ಟ್ ಚೀಟಿಯಾಗ ಎಸ್‌ಜಿಪಿಟಿ, ಎಸ್‌ಜಿಒಟಿ ಅಂತ ಬರದಿರ್ತಾರಲ್ಲ, ಅವೇ. ಬಣ್ಣ ತಿಂದ ಇಲಿಗಳಾಗ ಆ ಸೋರಿಕಿ ಕಡಿಮಿ ಆತು. ಆಂಟಿಆಕ್ಸಿಡೆಂಟ್ ಮಾಡೋ ಕೆಲಸ ಇದು.

ಆದ್ರ ಬಣ್ಣ ತಿನ್ನಿಸಿದ್ದು ಯಾವಾಗ? ವಿಷ ಕೊಡೋಕಿಂತ ಮೊದಲ 5 ದಿನ. ಎಷ್ಟು? ಮೈತೂಕದ ಕಿಲೋಕ್ಕ 100, ಇನ್ನೊಂದು ಗುಂಪಿಗೆ 200 ಮಿಲಿಗ್ರಾಂ. ಆ 200ರ ಲೆಕ್ಕ ಹಿಡದ್ರ 60 ಕಿಲೋ ಮನಶಾಗ 12 ಗ್ರಾಂ ಬರೀ ಬಣ್ಣ ಬೇಕು. ಒಂದು ಲೋಟ ಚಾದಾಗ ಅಷ್ಟು ಎಲ್ಲಿ ಬರ್ತೈತಿ, ಅಕ್ಕಾ?

ಇನ್ನ ವಿಷಾನೂ ಬ್ಯಾರೆ. ಹತ್ತಿಗೆ ಹೊಡೆಯೋ ಪ್ರೊಫೆನೊಫಾಸ್‌ನಂಥವು ನರಕ್ಕ ಗಂಟು ಬೀಳ್ತಾವ. ನರದ ಸುದ್ದಿ ಮುಟ್ಟಿದ ಮ್ಯಾಲ ಅದನ್ನ ಅಳಸೋ ಕಿಣ್ವ ಒಂದೈತಿ, ಅದನ್ನ ಕಟ್ಟಿ ಹಾಕ್ತಾವ. ಬಾಯಾಗ ಜೊಲ್ಲು, ಮೈಯೆಲ್ಲಾ ಬೆವರು, ಕಣ್ಣಿನ ಪಾಪಿ ಸಣ್ಣದು, ಉಸಿರು ಕಟ್ಟೋದು, ಎಲ್ಲಾ ಅದರಿಂದ. ಆ ಗಂಟು ಚಾ ಬಿಚ್ಚಂಗಿಲ್ಲ. ಜೊಲ್ಲು, ಉಸಿರು ಕಟ್ಟೋದು ತಡಿಯಾಕ ಅಟ್ರೋಪಿನ್ ಸೂಜಿನ ಬೇಕು. ಹಂಗೇನಾರ ಆತಂದ್ರ ಕಷಾಯ ಕುದಿಸ್ಕೋತ ಕುಂದರಬ್ಯಾಡ, ಅಂಗಿ ಬಿಚ್ಚಿ, ಸೋಪು ಹಚ್ಚಿ ಮೈ ತೊಳದು, ಎಣ್ಣಿ ಡಬ್ಬಿ ಕೈಯಾಗ ಹಿಡಕೊಂಡು ಸೀದಾ ಬಳ್ಳಾರಿ ದೊಡ್ಡಾಸ್ಪತ್ರಿಗೆ ನಡೀರಿ. ಡಬ್ಬಿ ನೋಡಿದ್ರ ಡಾಕ್ಟರಿಗೆ ಯಾವ ವಿಷ ಅಂತ ಗೊತ್ತಾಗ್ತೈತಿ.

ಇಲಿಗಳ ಪಾಠ ಮನಶಾರಿಗೆ ಮುಟ್ಟೇ ಇಲ್ಲ ಅಂತಲ್ಲ ಮತ್ತ. ಜ್ವರದ ಪ್ಯಾರಾಸಿಟಮಾಲ್ ಗುಳಿಗಿ ಮಿತಿಮೀರಿ ನುಂಗಿದವ್ರಿಗೆ ಆಸ್ಪತ್ರಿಯಾಗ ಎನ್-ಅಸಿಟೈಲ್‌ಸಿಸ್ಟೀನ್ ಅನ್ನೋ ಔಷಧಿ ಕೊಡ್ತಾರ. ಲಿವರ್ ತನ್ನ ರಕ್ಷಣಿಗೆ ಇಟ್ಟುಕೊಂಡ ಗ್ಲುಟಾಥಯೋನ್ ಖಾಲಿ ಆಗಿರ್ತೈತಲ್ಲ, ಅದನ್ನ ತಿರುಗಿ ತುಂಬತೈತಿ. 8 ತಾಸಿನೊಳಗ ಕೊಟ್ರ ಲಿವರ್ ಉಳಿಯೋದು ಬಹುತೇಕ ಖರೆ. ನೋಡು, ಅದೂ ಆಂಟಿಆಕ್ಸಿಡೆಂಟ್ ದಾರೀನ, ಆದ್ರ ವಿಷ ಯಾವುದು, ಅಳತಿ ಎಷ್ಟು, ಹೊತ್ತು ಎಷ್ಟಾತು ಅಂತ ತಿಳಕೊಂಡು ಕೊಡೋದು.

ಗಾಳಿಗೆ ಎದುರು ನಿಂತು ಹೊಡೀಬ್ಯಾಡ ಅಂತ ಹೇಳು. ಪಂಪು ಇಳಿಸಿದ ಕೈಲೆ ಬೀಡಿ, ಎಲೆಅಡಿಕಿ ಮುಟ್ಟಬಾರದು. ಎಣ್ಣಿ ಹೊಡದು ಬಂದ ಅಂಗೀನ ಮಕ್ಕಳ ಬಟ್ಟಿ ಜೋಡಿ ಹಾಕಬ್ಯಾಡ, ನೀನೂ ಬರಿಗೈಲೆ ಒಗೀಬ್ಯಾಡ, ಒಗಿಯೋ ಕೈಗೂ ವಿಷ ಹತ್ತತೈತಿ. ನಾಳೆ ಮತ್ತ ಹೊಡೆಯಾಕ ಹೊಂಟಾನಂದ್ಯಲ್ಲ? ಹೊಂಡೋಕಿಂತ ಮೊದಲು ಈ ಕಡೆ ಕಳಸು. ನಮ್ಮನಿಯಾಗ ಹೊಸಾ ರಬ್ಬರ್ ಕೈಗವಸು ಒಂದು ಜೊತಿ ಅದಾವ.