ಗುಲಾಬಿ ನಡಿಗೆಯಲ್ಲಿ ಗಂಡಸರಿಗೂ ಜಾಗ ಕೊಡಿ

ಅಕ್ಟೋಬರ್ ತಿಂಗಳ ಸ್ತನ ಕ್ಯಾನ್ಸರ್ ಜಾಗೃತಿ ನಡಿಗೆಗಳ ಆಯೋಜಕರಿಗೆ,

ವಿಶಾಖಪಟ್ಟಣದ ಎಂವಿಪಿ ಕಾಲೋನಿಯಿಂದ ಬರೆಯುತ್ತಿದ್ದೇನೆ. ಮಹಾತ್ಮ ಗಾಂಧಿ ಕ್ಯಾನ್ಸರ್ ಆಸ್ಪತ್ರೆ ಇರುವುದು ಇದೇ ಕಾಲೋನಿಯಲ್ಲಿ. ಊರಿನ ಇನ್ನೊಂದು ತುದಿ ಅಗನಂಪೂಡಿಯಲ್ಲಿ ಟಾಟಾ ಸ್ಮಾರಕ ಕೇಂದ್ರದ ಹೋಮಿ ಭಾಭಾ ಆಸ್ಪತ್ರೆಯಿದೆ. ಇಲ್ಲಿ ವಾಸವಿರುವವರಿಗೆ ಕ್ಯಾನ್ಸರ್ ಎಂಬುದು ದೂರದ ಸುದ್ದಿಯಲ್ಲ. ತೆಲುಗು ನಾಡಿನಲ್ಲಿದ್ದರೂ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ನಡಿಗೆ ಏರ್ಪಡಿಸುವವರಿಗೂ ನನ್ನ ಕೋರಿಕೆ ಇದೇ.

ನಿಮ್ಮ ಕೆಲಸದ ಬಗ್ಗೆ ನನಗೆ ಗೌರವವಿದೆ. 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಗುಲಾಬಿ ರಿಬ್ಬನ್ ಹಂಚಲು ಶುರುವಾದ ಕಾಲದಲ್ಲಿ ನಮ್ಮ ಮನೆಗಳ ಹೆಂಗಸರು ಈ ಕಾಯಿಲೆಯ ಹೆಸರನ್ನು ಗಂಡನ ಮುಂದೆಯೂ ಹೇಳುತ್ತಿರಲಿಲ್ಲ. ಇವತ್ತು ಹೇಳುತ್ತಾರೆ, ಪರೀಕ್ಷೆಗೆ ಹೋಗುತ್ತಾರೆ. ಅದರಲ್ಲಿ ನಿಮ್ಮ ಪಾಲು ದೊಡ್ಡದು. ನಡಿಗೆಗೆ ನೀವು ಗಂಡಸರನ್ನೂ ಕರೆಯುತ್ತೀರಿ. ತಾಯಿಗಾಗಿ, ಹೆಂಡತಿಗಾಗಿ, ಅಕ್ಕತಂಗಿಯರಿಗಾಗಿ ಬನ್ನಿ ಎನ್ನುತ್ತೀರಿ. ಹಾಗೆ ಬಂದು ಗುಲಾಬಿ ಟೀ ಶರ್ಟ್ ತೊಟ್ಟು ನಡೆಯುವವನಿಗೆ, ಆ ಬಟ್ಟೆಯ ಅಡಿಯಲ್ಲಿರುವ ತನ್ನ ಎದೆಯಲ್ಲೂ ಇದೇ ಕ್ಯಾನ್ಸರ್ ಹುಟ್ಟಬಹುದೆಂದು ಹೇಳುವವರು ಅಪರೂಪ.

ಗಂಡಸಿನ ಮೊಲೆತೊಟ್ಟಿನ ಹಿಂದೆಯೂ ಸ್ವಲ್ಪ ಸ್ತನ ಅಂಗಾಂಶ ಇರುತ್ತದೆ, ನಾಳಗಳಿರುತ್ತವೆ. ಕ್ಯಾನ್ಸರ್ ಹೆಚ್ಚಾಗಿ ಆ ನಾಳಗಳಲ್ಲೇ ಶುರುವಾಗುತ್ತದೆ. ಒಟ್ಟು ಸ್ತನ ಕ್ಯಾನ್ಸರ್‌ಗಳಲ್ಲಿ ಗಂಡಸರದು ಶೇ. 1ರಷ್ಟು, ಕೆಲವೆಡೆ ಅದಕ್ಕಿಂತ ಕಡಿಮೆ. ಸಣ್ಣ ಸಂಖ್ಯೆ, ಒಪ್ಪುತ್ತೇನೆ. ಆದರೆ 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಹೊಸದಾಗಿ ಈ ಕಾಯಿಲೆ ಕಂಡಿತು. ಅದರ ನೂರನೇ ಒಂದು ಪಾಲಿನ ಅರ್ಧ ಹಿಡಿದರೂ ಸಾವಿರದ ಹತ್ತಿರ ಗಂಡಸರು. ಸಾವಿರ ಮನೆಗಳು.

ಇವರಲ್ಲಿ ಬಹಳ ಮಂದಿ ಆಸ್ಪತ್ರೆಗೆ ಬರುವುದು ತಡವಾಗಿ. ಧರ್ಮಸ್ಥಳದಲ್ಲಿ, ಉಡುಪಿಯ ಕೃಷ್ಣಮಠದಲ್ಲಿ ಗಂಡಸರು ಅಂಗಿ ಕಳಚಿ ಸಾಲಿನಲ್ಲಿ ನಿಲ್ಲುತ್ತಾರೆ. ಬೇಸಿಗೆಯಲ್ಲಿ ಮನೆಯ ಜಗಲಿಯ ಮೇಲೆ ಬರಿಮೈಯಲ್ಲೇ ಕೂರುತ್ತಾರೆ. ಎಲ್ಲರ ಕಣ್ಣೆದುರು ಇರುವ ಎದೆಯಲ್ಲಿ ನೋವಿಲ್ಲದ ಗಟ್ಟಿ ಗಂಟೊಂದು ಎದ್ದರೆ ಅದನ್ನು ಕೊಬ್ಬು ಎಂದೋ ಹಳೆಯ ಪೆಟ್ಟು ಎಂದೋ ತಳ್ಳಿಹಾಕುತ್ತಾರೆ. ಮೊಲೆತೊಟ್ಟು ಒಳಕ್ಕೆ ಎಳೆದುಕೊಂಡರೂ, ಅಂಗಿಗೆ ರಕ್ತದ ಕಲೆ ತಗುಲಿದರೂ, ಕಂಕುಳಲ್ಲಿ ಗಡ್ಡೆ ಕೈಗೆ ಸಿಕ್ಕರೂ ನಾಚಿಕೆ ಅಡ್ಡ ಬರುತ್ತದೆ. ಗಂಡಸಿನಲ್ಲಿ ಸ್ತನದ ಅಂಗಾಂಶ ತೆಳು. ಹಾಗಾಗಿ ಗಡ್ಡೆ ಬೇಗ ಚರ್ಮಕ್ಕೂ ಸ್ನಾಯುವಿಗೂ ತಾಗುತ್ತದೆ. ತಡಮಾಡಲು ಅವನಿಗೆ ಸಮಯವೇ ಕಡಿಮೆ.

ತಪ್ಪು ಅವನೊಬ್ಬನದಲ್ಲ, ಅವನನ್ನು ಯಾರೂ ಕೇಳುವುದೇ ಇಲ್ಲ. ಮೂವತ್ತು ದಾಟಿದವರ ಮನೆಗೆ ಬರುವ ಆಶಾ ಕಾರ್ಯಕರ್ತೆಯ ಕೈಯಲ್ಲಿ ಒಂದು ಪ್ರಶ್ನಾವಳಿ ಇರುತ್ತದೆ. ಸ್ತನದಲ್ಲಿ ಗಂಟು ಇದೆಯೇ, ತೊಟ್ಟಿನಿಂದ ರಕ್ತ ಬರುತ್ತದೆಯೇ ಎಂಬ ಪ್ರಶ್ನೆಗಳು ಅದರಲ್ಲಿ ‘ಮಹಿಳೆಯರಿಗೆ ಮಾತ್ರ’ ಎಂಬ ಭಾಗದಲ್ಲಿವೆ. ಎಲ್ಲ ಗಂಡಸರಿಗೂ ಮ್ಯಾಮೊಗ್ರಾಂ ಮಾಡಿಸಿ ಎಂದು ನಾನು ಕೇಳುತ್ತಿಲ್ಲ. ಅದು ಬೇಕೂ ಇಲ್ಲ. ಗಂಡಸರ ಎದೆಯ ಊತದಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಹಾರ್ಮೋನಿನ ಏರುಪೇರಿನಿಂದ ಆದವು. ಯಾವುದು ಯಾವುದೆಂದು ವೈದ್ಯರ ಪರೀಕ್ಷೆ, ಸ್ಕ್ಯಾನ್, ಬೇಕಾದರೆ ಬಯಾಪ್ಸಿ ಹೇಳುತ್ತವೆ. ಕೇಳುವ ಪ್ರಶ್ನೆಯನ್ನು ಗಂಡಸಿಗೂ ಕೇಳಿ, ಅಷ್ಟೇ.

ಮುಚ್ಚಿಟ್ಟುಕೊಳ್ಳದೆ ಹೇಳಿದ ಗಂಡಸರು ಹೊರದೇಶಗಳಲ್ಲಿ ಸಿಗುತ್ತಾರೆ. ಅಮೆರಿಕದ ಸೆನೆಟರ್ ಆಗಿದ್ದ ಎಡ್ವರ್ಡ್ ಬ್ರೂಕ್ ಅವರಿಗೆ 2002ರಲ್ಲಿ, ಎಂಬತ್ತು ದಾಟಿದ ಮೇಲೆ, ಈ ಕಾಯಿಲೆ ಗೊತ್ತಾಯಿತು. ಮರುವರ್ಷ ಅದನ್ನು ಸಾರ್ವಜನಿಕವಾಗಿ ಹೇಳಿದರು, 2015ರವರೆಗೆ ಬದುಕಿದರು. ನಟ ರಿಚರ್ಡ್ ರೌಂಡ್‌ಟ್ರೀ 1993ರಲ್ಲಿ ಪತ್ತೆಯಾದ ಸ್ತನ ಕ್ಯಾನ್ಸರ್ ದಾಟಿ ಇನ್ನೂ 30 ವರ್ಷ ಬಾಳಿದರು. ಗಾಯಕಿ ಬಿಯಾನ್ಸೆಯ ತಂದೆ ಮ್ಯಾಥ್ಯೂ ನೋಲ್ಸ್ ತಮ್ಮ ಅಂಗಿಯ ಮೇಲೆ ಕಂಡ ರಕ್ತದ ಚುಕ್ಕೆಗಳನ್ನು ಹಿಡಿದು ವೈದ್ಯರ ಬಳಿ ಹೋದವರು. 2019ರಲ್ಲಿ ಅದನ್ನು ಟಿವಿಯಲ್ಲೇ ಹೇಳಿಕೊಂಡರು. ಅವರಲ್ಲಿ ಸ್ತನ ಕ್ಯಾನ್ಸರ್ ಸಾಧ್ಯತೆ ಹೆಚ್ಚಿಸುವ ಬಿಆರ್‌ಸಿಎ2 ಜೀನಿನ ದೋಷ ಸಿಕ್ಕಿತು.

ಈ ಕೊನೆಯ ಮಾತಿನ ಬಳಿ ಸ್ವಲ್ಪ ನಿಲ್ಲಬೇಕು. ತಂದೆಯಲ್ಲಿ ಆ ದೋಷವಿದ್ದರೆ ಮಗನಿಗಾಗಲಿ ಮಗಳಿಗಾಗಲಿ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಮಗಳಿಗೆ ಸ್ತನದ ಜೊತೆಗೆ ಅಂಡಾಶಯದ ಕ್ಯಾನ್ಸರ್ ಭಯವೂ ಹೆಚ್ಚುತ್ತದೆ. ನಮ್ಮಲ್ಲಿ ತಾಯಿಯ ಕಡೆಯವರಲ್ಲಿ ಯಾರಿಗಾದರೂ ಇತ್ತೇ ಎಂದು ವಿಚಾರಿಸುತ್ತಾರೆ, ಅಪ್ಪನ ಕಡೆಯದು ಬಿಟ್ಟುಹೋಗುತ್ತದೆ. ಅಪ್ಪನಿಗೆ ಪರೀಕ್ಷೆ ಆದರೆ ಮಗಳು ಮುಂಚೆಯೇ ಎಚ್ಚರವಾಗುತ್ತಾಳೆ. ಮಹಿಳೆಯರ ಪ್ರಾಣ ಉಳಿಸಬೇಕೆಂದು ಹೊರಟ ನೀವು ಗಂಡಸಿನ ಕಡೆ ನೋಡಲೇಬೇಕಾದ ಕಾರಣ ಇದಕ್ಕಿಂತ ದೊಡ್ಡದು ನನಗೆ ತೋಚುವುದಿಲ್ಲ.

ಚಿಕಿತ್ಸೆಯಲ್ಲಿ ಗಂಡಸು ಹೆಚ್ಚಾಗಿ ಹೆಂಗಸರಿಗಾಗಿ ಬರೆದ ಪುಸ್ತಕವನ್ನೇ ಅನುಸರಿಸುತ್ತಾನೆ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಗಂಡಸರ ಗಡ್ಡೆಗಳು ಈಸ್ಟ್ರೊಜೆನ್‌ಗೆ ಸ್ಪಂದಿಸುವಂಥವು, ಆದ್ದರಿಂದ ಟ್ಯಾಮಾಕ್ಸಿಫೆನ್ ಮಾತ್ರೆ ಅವರಿಗೂ ಕೆಲಸ ಮಾಡುತ್ತದೆ. ಆದರೆ ಹೊಸ ಔಷಧಗಳ ಪ್ರಯೋಗಗಳಿಂದ ಗಂಡಸರನ್ನು ದೀರ್ಘಕಾಲ ಹೊರಗಿಟ್ಟಿದ್ದರು. ಅವರನ್ನೂ ಸೇರಿಸಿಕೊಳ್ಳಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮಾರ್ಗಸೂಚಿ ಹೊರಡಿಸಿದ್ದು 2020ರಲ್ಲಿ.

ನೀವು ಸಂಗ್ರಹಿಸುವ ಹಣದಲ್ಲಿ ಒಂದು ಪಾಲನ್ನು ಗಂಡಸರ ಬಯಾಪ್ಸಿಗೂ, ಕಾಯಿಲೆ ಖಚಿತವಾದವರ ಜೀನ್ ಪರೀಕ್ಷೆಗೂ ತೆಗೆದಿಡಿ. ಸ್ತನ ಚಿಕಿತ್ಸಾಲಯದ ಬಾಗಿಲಲ್ಲಿ ಹೆಂಗಸರ ಸಾಲಿನಲ್ಲಿ ಒಬ್ಬನೇ ಕೂರುವ ಗಂಡಸಿಗೆ ಮುಜುಗರವಾಗದಂತೆ ಮಾತನಾಡಿಸುವ ಸ್ವಯಂಸೇವಕರನ್ನು ಸಿದ್ಧಮಾಡಿ. ತೆಲುಗಿನಲ್ಲೂ ಕನ್ನಡದಲ್ಲೂ ಕರಪತ್ರ ಅಚ್ಚು ಹಾಕಿಸುವಾಗ ಗಂಡಸಿನ ಎದೆಯ ಚಿತ್ರವೂ ಇರಲಿ, ಅದರ ಕೆಳಗೆ ಲಕ್ಷಣಗಳನ್ನು ಬಿಡಿಸಿ ಬರೆಯಿರಿ. ಈ ಸಲದ ಕರಪತ್ರ ಅಚ್ಚಿಗೆ ಹೋಗುವ ಮೊದಲೇ ಇದನ್ನು ಸೇರಿಸಬೇಕೆಂದು ಕೈಮುಗಿದು ಕೇಳುತ್ತೇನೆ.

ಇಂತಿ,
ಎಂವಿಪಿ ಕಾಲೋನಿಯ ನಿವಾಸಿ